ಹೀಬಿ ಗಿಡದ ಪಾತಿ

ಇಂಗಿಲ್ಲ, ಇನ್ನೂ ಇಂಗಿಲ್ಲವಲ್ಲ ಶಿವನೇ, ಕಾಫಿಗೆ ಹಾಲಿಡುವ ಮುಂಚೆ ಬುಡದ ಕಲ್ಲು ಸರಿಸಿ ಹೊಯ್ದ ನೀರು ಇದು, ಅಳಿಯ ಚೇತನ್ ಕಾಫಿ ಕುಡಿದು ಉಪ್ಪಿಟ್ಟು ತಿಂದು ಬೂಟು ಏರಿಸಿಕೊಂಡು ಬಂದರಿನ ಕೆಲಸಕ್ಕೆ ಹೊರಟೂ ಆಯಿತು, ಕಾರಿನ ಸದ್ದು ಗುಡ್ಡ ಇಳಿದು ಮಾಯವಾಗಿಯೂ ಆಯಿತು, ಈ ಒಂದು ಚೊಂಬು ನೀರು ಮಾತ್ರ ಹೀಬಿ ಗಿಡದ ಬುಡದಲ್ಲಿ ತಟ್ಟೆಗೆ ಬಡಿಸಿಟ್ಟ ಹಾಗೆ ನಿಂತೇ ಇದೆ, ಅದರೊಳಗೆ ನ್ಯೂಜಿಲೆಂಡಿನ ಈ ನೆಲ್ಸನ್ ಊರಿನ ಆಕಾಶ ಅಂಗೈಯಗಲ, ಆ ಆಕಾಶದ ಮೇಲೆ ಒಂದು ಉದುರೆಲೆ ತಿರುಗುತ್ತಿದೆ, ತಿರುಗಿ ದಡಕ್ಕೆ ತಾಗಿ ಮತ್ತೆ ನಡುವಿಗೆ ಬರುತ್ತಿದೆ — ಕಾಮಾಕ್ಷಮ್ಮ ಸೆರಗನ್ನು ಸ್ವೆಟರಿನೊಳಗೆ ತುರುಕಿ ಕುಕ್ಕರುಗಾಲಲ್ಲಿ ಕೂತಳು. ಇರಲಿ, ಇಂಗುತ್ತದೆ, ನೆಲ ರಾತ್ರಿಯ ಥಂಡಿಗೆ ಬಿಗಿದುಕೊಂಡಿರಬೇಕು, ಅಕ್ಟೋಬರಿನಲ್ಲಿ ವಸಂತ ಬರುವ ತಲೆಕೆಳಗಾದ ದೇಶ ಇದು, ಇಲ್ಲಿ ಯಾವುದು ತಾನೇ ನೆಟ್ಟಗಿದೆ, ನೋಡೇಬಿಡೋಣ ಎಂದು ತೋರುಬೆರಳನ್ನು ಬುಡಕ್ಕೆ ಒತ್ತಿದಳು, ಬೆರಳು ಬೆಣ್ಣೆಯೊಳಗೆ ಹೋದ ಹಾಗೆ ಹೋಯಿತು, ತಡೆಯೇ ಇಲ್ಲ, ಹೊರಗೆಳೆದರೆ ಮಣ್ಣು ಪಚಕ್ ಎಂದಿತು, ಬೆರಳನ್ನು ಮೂಗಿನ ಹತ್ತಿರ ತಂದಳು. ತರಬಾರದಿತ್ತು. ಆ ನಾತ ಗೊತ್ತು ಅವಳಿಗೆ, ಕಟ್ಟಿಕೊಂಡ ಮೋರಿಯ ನಾತ, ಚಿತ್ರದುರ್ಗದ ಮನೆಯ ಹಿತ್ತಲಲ್ಲಿ ಒಂದು ವರ್ಷ ಎಂದೂ ಬಾರದ ಜಡಿಮಳೆ ಬಂದು ಕನಕಾಂಬರದ ಸಾಲಿಗೆ ಸಾಲೇ ಮಲಗಿದಾಗ ಇದೇ ನಾತ, ಗಂಡ ತಿಪ್ಪೇಸ್ವಾಮಿ ಒಂದು ಗಿಡ ಕಿತ್ತು ಬೇರನ್ನು ಎರಡು ಬೆರಳಲ್ಲಿ ಹಿಡಿದು ಎಳೆದರೆ ಸಿಪ್ಪೆ ಪೂರಾ ಕೈಗೇ ಕಳಚಿಕೊಂಡು ಬಂದಿತ್ತು, ಬಾಯಾರಿ ಮಾತ್ರ ಸಾಯಲ್ಲ ಕಣೇ, ಕುಡುದೂ ಸಾಯ್ತವೆ, ಎಂದಿದ್ದರು. ಅವಳು ಮತ್ತೆ ಬೆರಳಾಡಿಸಿದಳು, ದಾರದಂಥ ಒಂದು ಬೇರು ಸಿಕ್ಕಿತು, ಎಳೆದಳು, ಸಿಪ್ಪೆ ಕೈಗೆ ಬಂತು, ಕಂದು, ಲೋಳೆ. ಒಳಗೆ ಬಚ್ಚಲಲ್ಲಿ ಮಗಳು ಯಾಮಿನಿ ಸ್ನಾನ ಮಾಡುತ್ತಿರುವ ನೀರಿನ ಸದ್ದು ಇನ್ನೂ ಇದೆ, ಅದು ನಿಲ್ಲುವವರೆಗೆ ಸಮಯವಿದೆ, ಯಾತಕ್ಕೆ ಸಮಯ, ಏನು ಮಾಡುವುದಕ್ಕೆ ಸಮಯ.

ಕೈಯಾರೆ, ನಾನೇ ಕೈಯಾರೆ. ಬೇರೆ ಯಾವುದೋ ಗಿಡವಾಗಿದ್ದರೆ ಹಾಳಾಗಿ ಹೋಗಲಿ ಅನ್ನಬಹುದಿತ್ತು, ಇದು ಬರೀ ಗಿಡವೇ, ಇದರ ಬೇರು ಹೋಗಿ ತಾಗಿರುವುದು ಯಾವುದಕ್ಕೆ, ಯಾಮಿನಿಯ ಕೂಸಿನ ಮಾಸಿಗೆ, ಎಂಟು ತಿಂಗಳು ತುಂಬಿದ ಮೇಲೆ ಒಂದು ದಿನ ಅಲುಗಾಟ ನಿಲ್ಲಿಸಿಬಿಟ್ಟ ಹೆಣ್ಣುಕೂಸು, ಬಾಣಂತನಕ್ಕೆಂದು ತೆಗೆಸಿದ್ದ ಟಿಕೆಟ್ಟನ್ನು ಬದಲಾಯಿಸಿಕೊಂಡು ಅಜ್ಜಿ ಓಡೋಡಿ ಬರುವ ಹೊತ್ತಿಗೆ ಕೂಸನ್ನು ಸುಟ್ಟು ಬೂದಿಯನ್ನು ಸಮುದ್ರಕ್ಕೆ ಬಿಟ್ಟಾಗಿತ್ತು, ಮುಖ ನೋಡಲಿಲ್ಲ, ಚೇತನ್ ಮೊಬೈಲಿನಲ್ಲಿ ಒಂದು ಫೋಟೋ ಇದೆಯಂತೆ, ತೋರಿಸಿ ಎಂದು ಕೇಳಲು ಇವಳಿಗೆ ಬಾಯಿ ಬರಲಿಲ್ಲ, ತೋರಿಸಲೇ ಎಂದು ಕೇಳಲು ಅವನಿಗೂ ಬಾಯಿ ಬರಲಿಲ್ಲ. ಉಳಿದದ್ದು ಮಾಸು ಒಂದೇ, ಕೂಸನ್ನು ಹೊಟ್ಟೆಯೊಳಗೆ ಸಾಕಿದ ಮಾಸು, ಅದೂ ಎಲ್ಲಿ, ಫ್ರಿಜ್ಜಿನ ಮೇಲಿನ ಖಾನೆಯಲ್ಲಿ, ಬಟಾಣಿ ಪೊಟ್ಟಣದ ಪಕ್ಕ, ಒಂದು ಬಿಳಿ ಡಬ್ಬಿಯಲ್ಲಿ — ಬಂದ ಮೊದಲ ದಿನ ಸಾಗುವಿಗೆ ಬಟಾಣಿ ಹಾಕೋಣ ಎಂದು ಕೈ ಹಾಕಿದರೆ ಅತ್ತೆ ಅದಲ್ಲ, ಅದಲ್ಲ ಅತ್ತೆ, ಎಂದು ಚೇತನ್ ಹಿಂದಿನಿಂದ ಓಡಿ ಬಂದು ಕೈ ಹಿಡಿದುಬಿಟ್ಟ, ಎಂದೂ ಅತ್ತೆಯ ಎದುರಿಗೆ ಕುರ್ಚಿ ಎಳೆದು ಕೂತವನೂ ಅಲ್ಲ. ಇಲ್ಲಿನ ಸೂಲಗಿತ್ತಿ ಹೇಳಿದಳಂತೆ, ಈ ನೆಲದ ಮಾವೊರಿ ಜನ ಮಾಸನ್ನು ಮಣ್ಣಿಗೆ ಕೊಡುತ್ತಾರೆ, ಮೇಲೆ ಗಿಡ ನೆಡುತ್ತಾರೆ, ನೀವೂ ಈ ದೇಶದ್ದೇ ಒಂದು ಗಿಡ ನೆಡಿ, ನೆನೆಯುವುದಕ್ಕೆ ಒಂದು ಜಾಗ ಅಂತ ಆಗುತ್ತದೆ. ಅಯ್ಯೋ ಅದೇನು ಹೊಸದೇ, ನಮ್ಮಲ್ಲೂ ಹೂಳುತ್ತಿದ್ದರಲ್ಲ, ಯಾಮಿನಿಯ ಮಾಸನ್ನು ಬಚ್ಚಲ ಹಿಂದೆ ಹೂತು ನನ್ನತ್ತೆ ಮೇಲೊಂದು ಚಪ್ಪಡಿ ಎಳೆಸಿದ್ದರು, ಬಾಣಂತಿ ಮಿಂದ ನೀರು ಇದ್ರ ಮೇಲೇ ಹರೀಬೇಕು ಕಣೇ ಕಾಮಾಕ್ಷಿ, ಮಾಸು ಹೂತ ಜಾಗ ಒಣಗಬಾರ್ದು, ಅದು ಒಣಗಿದ್ರೆ ಒಡಲು ಒಣಗ್ತೈತೆ, ಮತ್ತೊಂದು ಕಟ್ಟಲ್ಲ. ಅತ್ತೆ ಹೇಳಿದ್ದರಲ್ಲಿ ಮುಕ್ಕಾಲು ಮರೆತವಳು ಇದೊಂದನ್ನು ಮರೆಯಲಿಲ್ಲ, ಮರೆಯುವ ಮಾತೇ ಅದು, ಹೆತ್ತವಳು ಮರೆಯುವ ಮಾತೇ. ನೆಡುವ ದಿನ ಗುಂಡಿಗೆ ಅರಿಶಿನ ಕುಂಕುಮ ಇಟ್ಟು ಒಂದು ಲೋಟ ಹಾಲೆರೆದಾಗ ಯಾಮಿನಿ ಬೇಡ ಅನ್ನಲಿಲ್ಲ, ನೋಡುತ್ತ ನಿಂತಿದ್ದಳು.

ಹಾಲು ಅಂದರೆ, ಅದೊಂದು ಸಂಕಟ, ಕುಡಿಯುವ ಬಾಯಿ ಇಲ್ಲದಿದ್ದರೂ ಹಾಲಿಗೆ ಅದು ಗೊತ್ತಾಗಬೇಕಲ್ಲ, ಹೊತ್ತು ಹೊತ್ತಿಗೆ ಸರಿಯಾಗಿ ಬಂದು ಯಾಮಿನಿಯ ನೈಟಿ ಎದೆಯ ಹತ್ತಿರ ಒದ್ದೆಯಾಗುತ್ತಿತ್ತು, ಊರಾಗಿದ್ದರೆ ಮಲ್ಲಿಗೆ ದಂಡೆ ಎದೆಗೆ ಬಿಗಿದು ಹಾಲನ್ನು ಹಿಂದಕ್ಕೆ ಕಳಿಸುತ್ತಿದ್ದೆ, ಇಲ್ಲಿ ಈ ಚಳಿಯಲ್ಲಿ ಮಲ್ಲಿಗೆಯನ್ನು ಎಲ್ಲಿಂದ ತರಲಿ, ಸೂಲಗಿತ್ತಿ ಎಲೆಕೋಸಿನ ಎಲೆಯನ್ನು ತಣ್ಣಗೆ ಮಾಡಿ ಇಟ್ಟುಕೋ ಎಂದಳಂತೆ, ಪಲ್ಯ ಮಾಡುವ ಎಲೆಕೋಸು, ಅದನ್ನೇ ಮಗಳ ಎದೆಯ ಮೇಲಿಟ್ಟು ಪಟ್ಟಿ ಕಟ್ಟಿದ ಕೈ ಇದು. ಕೂಸಿಲ್ಲದ ಬಾಣಂತನ, ಯಾವ ವೈರಿಗೂ ಬೇಡ, ಆದರೂ ಬಿಡಲಿಲ್ಲ, ಮೆಣಸಿನ ಸಾರು ಮಾಡಿದಳು, ಬೆಳ್ಳುಳ್ಳಿ ಹುರಿದಳು, ತಲೆಗೆ ಮಫ್ಲರ್ ಸುತ್ತಿದಳು, ಕಾಲಿಗೆ ಎರಡೆರಡು ಕಾಲುಚೀಲ, ಬಾಣಂತಿ ಕಾಲಿಗೆ ತಣ್ಣೀರು ಸೋಕಬಾರ್ದು, ಒದ್ದೆ ನೆಲ ತುಳೀಬಾರ್ದು, ಥಂಡಿ ಕಾಲಿಂದ ಏರ್ತೈತೆ ಕಣವ್ವ — ಯಾಮಿನಿ ಹೇಳಿದ್ದಕ್ಕೆಲ್ಲ ತಲೆ ಒಡ್ಡಿದಳು, ಊಟ ಕೊಟ್ಟರೆ ಉಂಡಳು, ಮಲಗು ಎಂದರೆ ಮಲಗಿದಳು, ಅಳು ಎಂದರೆ ಮಾತ್ರ ಅಳಲಿಲ್ಲ, ಒಂದು ಹನಿ ಇಲ್ಲ, ಕಲ್ಲಾಗಿಬಿಟ್ಟಳು ಮಗಳು, ಅಳೇ, ಅತ್ತುಬಿಡೇ, ಎಂದರೆ ನಂಗೇನಾಗಿಲ್ಲಮ್ಮ ಎನ್ನುತ್ತಿದ್ದಳು. ಒಂದು ಮಾತಿಗೆ ಮಾತ್ರ ಅವಳಿಗೆ ಜೀವ ಬಂದು ಸಿಟ್ಟಾದಳು, ನೀರಿನ ಮಾತಿಗೆ. ನೆಟ್ಟ ಮಾರನೇ ಬೆಳಿಗ್ಗೆ ಚೊಂಬು ಹಿಡಿದು ಹೊರಟವಳನ್ನು ಗಾಜಿನ ಬಾಗಿಲಲ್ಲೇ ತಡೆದಳು, ಅಮ್ಮಾ ಪ್ಲೀಸ್, ಅದಕ್ಕೆ ನೀರು ಬೇಡ, ನರ್ಸರಿಯವನು ಹೇಳಿದಾನೆ, ಇದು ಸಮುದ್ರದ ಪಕ್ಕದ ಕ್ಲಿಫ್ ಮೇಲೆ ಬಂಡೆ ಸಂದೀಲಿ ಬೆಳೆಯೋ ಗಿಡ, ಡ್ರೈನೇಜ್ ಚೆನ್ನಾಗಿರ್ಬೇಕು ಅಷ್ಟೆ, ಬುಡದಲ್ಲಿ ನೀರು ನಿಂತ್ರೆ ಸತ್ತೋಗತ್ತೆ. ಬಾಯಾರದೇ ಇರೋ ಜೀವ ಎಲ್ಲಾರ ಐತೇನೇ, ಎಂದಳು ಕಾಮಾಕ್ಷಮ್ಮ, ನಗುತ್ತಲೇ, ಯಾಮಿನಿ ನಗಲಿಲ್ಲ, ನೀನು ಅದನ್ನ ಮುಟ್ಬೇಡ ಅಂದ್ರೆ ಮುಟ್ಬೇಡ. ಮುಟ್ಟಬೇಡವಂತೆ. ಈ ಕೈಯನ್ನು.

ಈ ಕೈಗೆ ಬೀದಿಯಲ್ಲಿ ಹೆಸರಿತ್ತು, ಕಾಮಾಕ್ಷಮ್ಮನ ಕೈಗುಣ ಅಂದರೆ ಕಡ್ಡಿ ನೆಟ್ಟರೂ ಚಿಗುರುತ್ತದೆ, ದಾಸವಾಳದ ಕೊಂಬೆ ತಂದವರು ಮೊದಲು ನೀವು ಮಣ್ಣಿಗಿಡಿ ಅಕ್ಕಾ ಎಂದು ಬಾಗಿಲಿಗೆ ಬರುತ್ತಿದ್ದರು, ಅದೂ ಯಾವ ಊರಲ್ಲಿ, ನಲ್ಲಿಯಲ್ಲಿ ವಾರಕ್ಕೊಮ್ಮೆ ನೀರು ಬರುವ ಊರಲ್ಲಿ, ನೀರು ಬಂತು ನೀರು ಬಂತು ಎಂದು ಯಾರೋ ಕೂಗಿದರೆ ಉಣ್ಣುವ ಎಲೆ ಬಿಟ್ಟು ಏಳುವ ಊರಲ್ಲಿ, ಅಕ್ಕಿ ತೊಳೆದದ್ದು, ಬೇಳೆ ತೊಳೆದದ್ದು, ಕೈ ತೊಳೆದದ್ದು ಎಲ್ಲ ಗಿಡಕ್ಕೆ, ತನ್ನ ಬಾಯಿ ಕಟ್ಟಿ ಗಿಡದ ಬಾಯಿಗೆ ಹೊಯ್ದು ಬೆಳೆಸಿದ ಕನಕಾಂಬರ ಅದು, ಅಂಥವಳಿಗೆ ಇಲ್ಲಿ ನಲ್ಲಿ ತಿರುಗಿಸಿದರೆ ಸಿಹಿನೀರು ಧೋ ಎಂದು ಬೀಳುವಾಗ, ಮಗಳ ಮಾಸಿನ ಮೇಲಿರುವ ಒಂದು ಮೊಳದ ಗಿಡಕ್ಕೆ ನೀರು ಬೇಡ ಅಂದರೆ ಹೊಟ್ಟೆ ಉರಿಯುವುದಿಲ್ಲವೇ. ತಂದ ತುಳಸಿ ಬೀಜವನ್ನೂ ಆಕ್ಲೆಂಡ್ ವಿಮಾನ ನಿಲ್ದಾಣದಲ್ಲಿ ಕಿತ್ತುಕೊಂಡಿದ್ದರು, ಬೆಳಿಗ್ಗೆ ಮಿಂದು ನೀರೆರೆಯುವುದಕ್ಕೆ ಒಂದು ಗಿಡ ಬೇಡವೇ. ಒಂದು ವಾರ ತಡೆದಳು. ಆಮೇಲೆ ಮಗಳು ಅಳಿಯ ಇಬ್ಬರೂ ಕೆಲಸಕ್ಕೆ ಹೋದ ಮೇಲೆ — ಯಾಮಿನಿ ಸೇಬಿನ ಪ್ಯಾಕ್‌ಹೌಸಿನ ಲ್ಯಾಬಿಗೆ ಮರಳಿದ್ದಳು, ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತೆ ಎಂದು — ಒಂದು ಚೊಂಬು, ಒಂದೇ ಚೊಂಬು, ಪಾಪ ಎಷ್ಟು ಬಾಯಾರಿತ್ತೋ, ಹೊಯ್ದದ್ದು ಹೊಯ್ದ ಹಾಗೇ ಮಾಯ. ಮಾಯವಾಗದೆ ಇನ್ನೇನು, ಚೇತನ್ ಗೆಳೆಯನ ಯೂಟ್ ಎಂಬ ಪುಟ್ಟ ಲಾರಿಯಲ್ಲಿ ಜಲ್ಲಿ ಮರಳು ಹೇರಿಕೊಂಡು ಬಂದು ದಿಬ್ಬ ಮಾಡಿ, ದಿಬ್ಬದ ನೆತ್ತಿಯ ಮೇಲೆ ಗಿಡ ನೆಟ್ಟು, ಮೇಲೆ ನದಿಯ ಉರುಟು ಕಲ್ಲು ಹಾಸಿದ್ದ, ನೀರು ಇತ್ತ ಬಿದ್ದರೆ ಅತ್ತ ಇಳಿದು ಹೋಗುತ್ತಿತ್ತು, ಎಲ್ಲಾದರೂ ಉಂಟೇ, ಗಿಡವನ್ನು ಗುಂಡಿಯಲ್ಲಿ ಕೂರಿಸುತ್ತಾರೋ ಗುಡ್ಡದ ಮೇಲೆ ಕೂರಿಸುತ್ತಾರೋ, ಓದಿದವರ ಬುದ್ಧಿ. ಗಂಡನಿಗೆ ವಾಟ್ಸಾಪ್‌ನಲ್ಲಿ ಹೇಳಿಕೊಂಡರೆ, ಮಗಳು ಬ್ಯಾಡ ಅಂದ್ಮೇಲೆ ಸುಮ್ನಿರಬಾರ್ದಾ ನೀನು, ಎಂದರು, ನಿಮಗೇನು ಗೊತ್ತು ಹೆಂಗಸರ ಸಂಗತಿ ಎಂದು ಫೋನಿಟ್ಟಳು. ಮನೆಯ ಹಿಂದಿನ ಗುಡ್ಡದಿಂದ ಹಳದಿ ಜೇಡಿಮಣ್ಣು ತಂದಳು, ಸೀರೆಯ ಮಡಿಲಲ್ಲಿ ಕಟ್ಟಿಕೊಂಡು, ಕಲ್ಲು ಸರಿಸಿ ಜಲ್ಲಿ ಬಗೆದು ಗಿಡದ ಸುತ್ತ ಜೇಡಿಯನ್ನು ಮೆತ್ತಿ ಮೆತ್ತಿ, ರೊಟ್ಟಿ ತಟ್ಟಿದ ಹಾಗೆ ತಟ್ಟಿ ಸುತ್ತಲೂ ಅಂಚು ಎಬ್ಬಿಸಿ ಅಚ್ಚುಕಟ್ಟಾದ ಪಾತಿ ಮಾಡಿದಳು, ಮೇಲೆ ಅದೇ ಉರುಟು ಕಲ್ಲುಗಳನ್ನು ಇದ್ದ ಹಾಗೇ ಜೋಡಿಸಿದಳು, ಬ್ರಹ್ಮನಿಗೂ ಗೊತ್ತಾಗಬಾರದು. ಅವತ್ತಿಂದ ನೀರು ನಿಂತಿತು, ನಿಧಾನಕ್ಕೆ ಇಂಗಿತು, ಅವಳಿಗೆ ಊಟ ರುಚಿಸಿತು. ಜೂನ್ ಜುಲೈ ಚಳಿ, ಹುಲ್ಲೆಲ್ಲ ಬೆಳ್ಳಗೆ ಹೆಪ್ಪುಗಟ್ಟಿದ ಬೆಳಗುಗಳಲ್ಲಿ ಉಗುರುಬೆಚ್ಚಗೆ ಕಾಯಿಸಿ ಹೊಯ್ದಳು, ಮಳೆ ಬಂದ ದಿನವೂ ಬಿಡಲಿಲ್ಲ, ಮಳೆ ಮಳೆಯೇ, ತಾಯಿ ಎರೆದದ್ದು ಎರೆದದ್ದೇ, ಒಂದು ದಿನ ತಪ್ಪಲಿಲ್ಲ, ಒಣಗಬೇಡ, ಒಣಗಬೇಡ ನನ್ನವ್ವ, ಅವಳ ಒಡಲು ಒಣಗಿಸಬೇಡ, ಎಂದು ಬಾಯಲ್ಲೇ ಹೇಳಿಕೊಳ್ಳುತ್ತ.

ಮೊಗ್ಗು ಬಂದಾಗ ಯಾರು ಗೆದ್ದರು ಹೇಳಿ ಎಂದು ಒಳಗೊಳಗೇ ಬೀಗಿದಳಲ್ಲ ಇದೇ ಮುದುಕಿ. ಸೆಪ್ಟೆಂಬರಿನ ಒಂದು ಸಂಜೆ, ಯಾಮಿನಿ ಬ್ಯಾಗನ್ನು ಹುಲ್ಲಿನ ಮೇಲೇ ಎಸೆದು ಬಗ್ಗಿ ನೋಡಿದಳು, ಎಲೆಯ ಅಂಚಿಗೆ ಕುಂಕುಮ ಎಳೆದ ಹಾಗೆ ಕೆಂಪು ಗೆರೆ, ಪ್ರತಿ ಕೊಂಬೆಯ ತುದಿಯಲ್ಲೂ ಗಸಗಸೆಯಂಥ ಮೊಗ್ಗುಗಳ ಗೊಂಚಲು, ಅಮ್ಮಾ ಬಾ ಇಲ್ಲಿ, ಬೇಗ ಬಾ, ಎಂದು ಕೂಗಿದಳು, ಅವಳು ಕೂಗಿ ಎಷ್ಟು ಕಾಲವಾಗಿತ್ತು, ಇವಳು ಒಲೆಯ ಮೇಲಿದ್ದ ಒಗ್ಗರಣೆಯನ್ನು ಹಾಗೇ ಬಿಟ್ಟು ಓಡಿದಳು, ತಿಳಿ ನೇರಳೆ ಹೂವಂತಮ್ಮ, ನ್ಯೂಜಿಲೆಂಡ್ ಲೈಲಾಕ್ ಅಂತಾರೆ ಇದಕ್ಕೆ, ಎನ್ನುತ್ತ ಯಾಮಿನಿ ಕಾಲು ಚಾಚಿ ದಿಬ್ಬದ ಪಕ್ಕವೇ ಕೂತುಬಿಟ್ಟಳು, ಆಮೇಲೆ, ಮುಖ ತಿರುಗಿಸದೆ, ಗಿಡಕ್ಕೇ ಹೇಳುವ ಹಾಗೆ, ಅಮ್ಮ ಅವಳಿಗೆ ಹೆಸರೇ ಇಡ್ಲಿಲ್ಲ ನಾವು, ಅಲ್ಲಿ ಕಾಗದದಲ್ಲಿ ಬೇಬಿ ಅಂತಿದೆ ಅಷ್ಟೆ, ಒಂದು ಹೆಸರಿದೆ ನನ್ನ ಹತ್ರ, ಚೇತನ್‌ಗೂ ಹೇಳಿಲ್ಲ, ಮೊದಲನೇ ಹೂ ಅರಳಿದ ದಿನ ಇಡೋಣ, ನೀನು ಊರಿಗೆ ಹೋಗೋದ್ರೊಳಗೆ ಅರಳತ್ತೆ, ನೀನೇ ಕಿವೀಲಿ ಹೇಳ್ಬೇಕು. ಯಾರ ಕಿವಿಯಲ್ಲಿ ಎಂದು ಕೇಳಲಿಲ್ಲ ಕಾಮಾಕ್ಷಮ್ಮ, ಗೊತ್ತಿತ್ತು, ಆಗಲವ್ವ ಆಗಲಿ, ಎಂದಳು, ಆವತ್ತು ಒಗ್ಗರಣೆ ಸೀದು ಮನೆಯೆಲ್ಲ ಹೊಗೆ, ಹೊಗೆ ಕಂಡರೆ ಕೂಗುವ ಅದೇನೋ ಬೀಪ್ ಬೀಪ್ ಎಂದು ಬಡಿದುಕೊಂಡಿತು, ಚೇತನ್ ಬಂದು ಟವೆಲ್ ಬೀಸಿ ನಿಲ್ಲಿಸಿದ, ಮೂವರೂ ನಕ್ಕರು, ಯಾಮಿನಿ ನಕ್ಕಳು. ಅವತ್ತು ಗಂಡನಿಗೂ ಫೋನು ಮಾಡಿ ಹೇಳಿದ್ದಾಯಿತು, ನಿಮ್ಮ ಮಗಳು ನಕ್ಕಳು ಕಣ್ರೀ. ಈಗ ಬುಧವಾರ ವಿಮಾನ, ಇವತ್ತು ಶನಿವಾರ, ಮೊಗ್ಗುಗಳು ಒಂದು ವಾರದಿಂದ ಅಷ್ಟರಲ್ಲೇ ನಿಂತಿವೆ, ನಿಂತದ್ದಲ್ಲ, ಕತ್ತು ಬಗ್ಗಿಸಿವೆ, ಕೆಳಗಿನ ಎಲೆಗಳು ಹಳದಿಯಾಗಿ ಕಪ್ಪಾಗಿ ಉದುರುತ್ತಿವೆ, ಬಾಡಿದೆ ಎಂದು ಇವಳೇನು ಮಾಡಿದಳು, ಒಂದು ಚೊಂಬು ಇದ್ದದ್ದನ್ನು ಎರಡು ಮಾಡಿದಳು. ಎರಡು ಮಾಡಿದಳಲ್ಲ, ಶಿವನೇ, ಮಲಗಿದ ಕನಕಾಂಬರವನ್ನು ಕಣ್ಣಾರೆ ಕಂಡವಳು, ಅತಿಯಾದರೆ ಅಮೃತವೂ ವಿಷ ಎಂದು ಊರಿಗೆಲ್ಲ ಹೇಳಿದವಳು.

ಬಂಡೆ ಸಂದಿಯ ಗಿಡ ಎಂದು ಮಗಳು ಬಾಯಿಬಿಟ್ಟು ಹೇಳಿರಲಿಲ್ಲವೇ, ಚಿತ್ರದುರ್ಗದವಳಿಗೆ ಬಂಡೆ ಏನೆಂದು ಯಾರಾದರೂ ಹೇಳಿಕೊಡಬೇಕೇ, ಕೋಟೆ ಹತ್ತುವಾಗ ಆನೆಯಂಥ ಬಂಡೆಗಳ ಬಿರುಕಿನಲ್ಲಿ ಒಂದು ಹಿಡಿ ಮಣ್ಣೂ ಇಲ್ಲದ ಕಡೆ ಬೇರೂರಿ ಹೂ ಬಿಟ್ಟ ಗಿಡಗಳನ್ನು ಎಷ್ಟು ನೋಡಿಲ್ಲ, ಅದಕ್ಕೆ ಯಾರು ಹತ್ತಿ ಹೋಗಿ ಚೊಂಬು ಬಗ್ಗಿಸಿದ್ದರು, ಹುಟ್ಟಿಸಿದ ದೇವರು ಹುಲ್ಲು ಮೇಯಿಸದೇ ಇರುತ್ತಾನೆಯೇ ಎಂದು ಹೇಳುತ್ತ ಅದರ ಪಕ್ಕದಲ್ಲೇ ಕೂತು ಬುತ್ತಿ ಉಂಡು ಬಂದವಳು. ಬಾಣಂತಿಗೆ ಕಾಲು ತಣ್ಣಗಾಗಬಾರದು ಎಂದು ಎರಡೆರಡು ಕಾಲುಚೀಲ ತೊಡಿಸಿದಳು, ಇದರ ಕಾಲನ್ನು ಚಳಿಗಾಲ ಪೂರಾ ಕೆಸರಿನಲ್ಲಿ ಅದ್ದಿ ನಿಲ್ಲಿಸಿದಳು. ಅತ್ತೆ, ನೀವು ಹೇಳಿದ್ದು ಒಣಗಬಾರದು ಎಂದಷ್ಟೇ ಅಲ್ಲವೇ, ಕೊಳೆತರೆ ಏನಾಗುತ್ತದೆ, ಮಾಸು ಹೂತ ಜಾಗ ಕೊಳೆತರೆ ಒಡಲು ಏನಾಗುತ್ತದೆ, ಅದನ್ನು ಹೇಳದೇ ಯಾಕೆ ಸತ್ತಿರಿ — ಸತ್ತವರ ಮೇಲೆ ಯಾಕೆ ಹರಿಹಾಯುವುದು, ಥೂ, ಮೊದಲು ಈ ನೀರು ತೆಗಿ, ಚೊಂಬನ್ನು ಓರೆ ಮಾಡಿ ಬಳಿದಳು, ಬಳಿದಷ್ಟೂ ಕೆಸರಿಂದ ಒಸರಿ ಮತ್ತೆ ಅಷ್ಟೇ ನಿಂತಿತು, ಅಂಚನ್ನು ಒಡೆಯಲು ಹೋದರೆ ತಾನೇ ತಟ್ಟಿದ ಜೇಡಿ ಈಗ ಹೆಂಚಿನ ಹಾಗೆ, ಉಗುರು ಮುರಿಯಿತು, ಅಗೆದು ತೆಗೆದು ಬೇರೆ ಕಡೆ ನೆಡಲೇ, ಬೇರು ಎಲ್ಲಿದೆ ನೆಡುವುದಕ್ಕೆ. ಬಚ್ಚಲ ನೀರಿನ ಸದ್ದು ನಿಂತಿತು. ಅವಳು ಎರಡೂ ಕೈಯಲ್ಲಿ ಉರುಟು ಕಲ್ಲುಗಳನ್ನು ಬಾಚಿ ಪಾತಿಯ ಮೇಲೆ ಹರಡಿದಳು, ಒಣ ಕಲ್ಲು ಮೇಲೆ, ಒದ್ದೆ ಕಲ್ಲು ಕೆಳಗೆ, ಕಳ್ಳಿಯ ಹಾಗೆ, ಕೈಯನ್ನು ಸೀರೆಯ ಒಳಮಡಿಕೆಗೆ ಒರೆಸಿದಳು, ಎದ್ದು ನಿಂತರೆ ಮಂಡಿ ಹಿಡಿದುಕೊಂಡಿದೆ, ಹೇಳಿ ಬಿಡಬೇಕು, ಯಾಮಿನಿ ಬಂದ ಕೂಡಲೇ ಹೇಳಿಬಿಡಬೇಕು, ನಾನೇ ಕಣೇ, ನೀನು ಬೇಡ ಅಂದರೂ ನಾನೇ, ಬೈಯಲಿ, ಈ ಹಿತ್ತಲಲ್ಲೇ ನಿಲ್ಲಿಸಿ ಉಗಿಯಲಿ, ಮುಖ ನೋಡದೆ ವಿಮಾನ ಹತ್ತಿಸಲಿ, ಹೇಳದೆ ಹೋದರೆ ಹುಳ ಬಿದ್ದು ಸಾಯುತ್ತೇನೆ.

ಗಾಜಿನ ಬಾಗಿಲು ಸರಿಯಿತು, ತಲೆಗೆ ಟವೆಲ್ ಸುತ್ತಿಕೊಂಡ ಯಾಮಿನಿ, ಬರಿಗಾಲಲ್ಲಿ, ಕಾಲಿಗೆ ಏನಾರ ಹಾಕ್ಕಳೇ, ನೆಲ ಥಂಡಿ ಐತೆ, ಎಂದಳು ಕಾಮಾಕ್ಷಮ್ಮ, ನೋಡಿ, ಹೇಳಬೇಕಾದ್ದು ಅದೇ, ಬಾಯಿಗೆ ಬಂದದ್ದು ಇದು. ಯಾಮಿನಿ ಕೇಳಿಸಿಕೊಳ್ಳಲಿಲ್ಲ, ಗಿಡವನ್ನು ನೋಡುತ್ತ ಬರುತ್ತಿದ್ದಳು, ಹತ್ತಿರ ಬಂದು ನಿಂತಳು, ಕೂತಳು, ಬಗ್ಗಿದ ಗೊಂಚಲೊಂದನ್ನು ಬೆರಳಿಂದ ಎತ್ತಿ ಹಿಡಿದಳು, ಬೆರಳು ಬಿಟ್ಟರೆ ಅದು ಮತ್ತೆ ಬಗ್ಗಿತು. ಅಮ್ಮ, ಇದು ಹೋಗ್ತಿದೆ. ಇಲ್ಲ ಕಣವ್ವ, ಎಂದಳು ಇವಳು, ಇಲ್ಲ ಎಂದು ಯಾಕೆ ಹೇಳಿದೆ, ಹೇಳು, ಈಗ ಹೇಳು. ಯಾಮಿನಿ ಕಲ್ಲುಗಳ ಮೇಲೆ ಅಂಗೈ ಸವರಿದಳು, ಬಿಸಿಲಿಗೆ ಒಣಗಿದ ಕಲ್ಲು, ಹೇಗಿದೆ ನೋಡು, ಚೂರೂ ಪಸೆ ಇಲ್ಲ, ಎರಡು ವಾರದಿಂದ ಮಳೆ ಇಲ್ಲ, ದಿನಾ ಈ ಗಾಳಿ, ದಿನಾ ಕಿಟಕಿಯಿಂದ ನೋಡಿ ಕೆಲಸಕ್ಕೆ ಹೋಗ್ತಿದ್ದೆ, ಒಂದಿನಾನೂ ಬುಡ ಮುಟ್ಟಿ ನೋಡ್ಲಿಲ್ಲ, ನರ್ಸರಿಯವನು ಹೇಳಿದ್ದ ಅಂತ ಹಾಗೇ ಒಣಗಿಸ್ಬಿಟ್ಟೆ. ಯಾಮಿನಿ ಹಂಗಲ್ಲ ಕಣೆ, ನಾನು, ಎಂದಳು ಕಾಮಾಕ್ಷಮ್ಮ, ನಾನು ಎಂಬಲ್ಲಿಗೆ ಮಾತು ನಿಂತಿತು, ಯಾಕೆಂದರೆ ಮಗಳು ತಲೆಯೆತ್ತಿ ಇವಳನ್ನು ನೋಡಿದಳು, ಕಣ್ಣು ತುಂಬಿತ್ತು, ಆರು ತಿಂಗಳು ಒಂದು ಹನಿ ಕಾಣದ ಕಣ್ಣು ತುಂಬಿ ತುಳುಕಿ ಕೆನ್ನೆಗಿಳಿಯುತ್ತಿತ್ತು, ನೀನು ಮೊದಲನೇ ದಿನಾನೇ ಹೇಳಿದ್ದೆ, ಬಾಯಾರದೇ ಇರೋ ಜೀವ ಇದ್ಯಾ ಅಂತ, ನಾನು ನಿನ್ನ ಮೇಲೆ ಕೂಗಾಡಿದೆ, ನೀನು ಹೇಳಿದ್ದೇ ಸರಿ ಇತ್ತಮ್ಮ, ಅವಾಗ್ಲೂ ಹಾಗೇ, ಫೋನಲ್ಲಿ ಎಷ್ಟು ಸಲ ಹೇಳಿದ್ದೆ, ನಿಂತ್ಕೊಂಡು ಕೆಲಸ ಮಾಡ್ಬೇಡ, ರಜ ಹಾಕು ಅಂತ, ಕೇಳ್ಲಿಲ್ಲ, ನಾನೇ ಕೇಳ್ಲಿಲ್ಲ, ನನ್ನ ಕೈಲಿ ಏನೂ ಉಳಿಯಲ್ಲಮ್ಮ — ಎಂದು ಎದ್ದು ಬಂದು ತಾಯಿಯ ಹೆಗಲಿಗೆ ಮುಖ ಒತ್ತಿ ಅತ್ತಳು, ಟವೆಲ್ ಬಿಚ್ಚಿ ಒದ್ದೆ ಕೂದಲು ಇಬ್ಬರ ಮೇಲೂ ಬಿತ್ತು, ಈ ಅಳುವಿಗಾಗಿ ಎಷ್ಟು ದೇವರಿಗೆ ಹರಕೆ ಹೊತ್ತಿದ್ದಳು ಇವಳು, ಬಂತಲ್ಲ, ಈಗ ಬಂತಲ್ಲ, ಈಗ ಹೇಗೆ ಹೇಳುವುದು, ನೀನು ಹೇಳಿದ್ದೇ ಸರಿ ಎಂದು ಅಪ್ಪಿಕೊಂಡ ಮಗಳಿಗೆ ನೀನು ಹೇಳಿದ್ದೇ ಸರಿ ಇತ್ತು ಎಂದು ಯಾವ ಬಾಯಲ್ಲಿ ಹೇಳುವುದು, ಬಿಸಿತುಪ್ಪ, ಉಗುಳಲೂ ಆಗದು ನುಂಗಲೂ ಆಗದು, ನಿಂದೇನೂ ತಪ್ಪಿಲ್ಲ ಕಣೇ, ನಿಂದೇನೂ ತಪ್ಪಿಲ್ಲ, ಎಂದಷ್ಟೇ ಹೇಳಿದಳು, ಎಲ್ಲ ತಾಯಂದಿರೂ ಹೇಳುವ ಮಾತು, ಅದರಲ್ಲಿ ನಿಜವಿದೆ ಎಂದು ಮಗಳಿಗೆ ಹೇಗೆ ಗೊತ್ತಾಗಬೇಕು. ಯಾಮಿನಿ ಮುಖ ಒರೆಸಿಕೊಂಡಳು, ಚೊಂಬನ್ನು ಕಂಡಳು, ಸೂರ್ಯನಿಗೆ ನೀರು ಬಿಡೋಕೆ ಬಂದ್ಯಾ, ಕೊಡಿಲ್ಲಿ, ಎಂದು ಕಸಿದುಕೊಂಡು ಹಿತ್ತಲ ನಲ್ಲಿಯಲ್ಲಿ ತುಂಬಿಕೊಂಡು ಬಂದಳು, ಬ್ಯಾಡ ಯಾಮಿನಿ, ಬ್ಯಾಡ ಕಣೇ, ನೀರು ಹಾಕಬ್ಯಾಡ, ಎಂದು ಕೈ ಹಿಡಿದಳು ಕಾಮಾಕ್ಷಮ್ಮ, ನನ್ನ ಮೇಲಿನ ಸಿಟ್ಟಿಗೆ ಹಂಗನ್ಬೇಡಮ್ಮ, ಎಂದು ಯಾಮಿನಿ ಮೆಲ್ಲಗೆ ಕೈ ಬಿಡಿಸಿಕೊಂಡು ಹೊಯ್ದಳು, ನೀರು ಕಲ್ಲಿನ ಸಂದಿಯಲ್ಲಿ ಇಳಿದು, ಕೆಳಗೆ ಜಾಗ ಸಿಗದೆ, ಮೇಲೆ ಬಂದು ನಿಂತಿತು. ನೋಡಿದ್ಯಾಮ್ಮ, ಪೂರ್ತಿ ಒಣಗಿ ಗಟ್ಟಿಯಾಗಿದೆ, ಪ್ಯಾಕ್‌ಹೌಸ್ ಮುಂದಿರೋ ಕುಂಡಗಳೂ ಹೀಗೇ, ಅಷ್ಟು ಒಣಗಿದ್ರೆ ನೀರನ್ನೇ ಕುಡಿಯಲ್ಲ, ಬಿಡದೆ ಹಾಕ್ತಾ ಇರ್ಬೇಕು. ಇನ್ನೊಂದು ಚೊಂಬು ತಂದಳು, ನೀರು ತುಂಬಿದ ಚೊಂಬನ್ನು ತಾಯಿಯ ಕೈಗಿಟ್ಟು ಆ ಕೈಯ ಮೇಲೆ ತನ್ನ ಕೈ ಮುಚ್ಚಿದಳು. ನೀನು ಹಾಕಮ್ಮ. ನಿನ್ನ ಕೈಗುಣ ಒಳ್ಳೇದು. ಬುಧವಾರದೊಳಗೆ ಒಂದಾದ್ರೂ ಅರಳ್ಲಿ. ಹೇಳು, ಕಾಮಾಕ್ಷಿ, ಹೇಳೇ, ಮಗಳ ಕೈ ಬೆಚ್ಚಗಿತ್ತು, ಮೊದಲ ಸಲ ಬೆಚ್ಚಗಿತ್ತು, ಚೊಂಬು ತಾನಾಗಿ ಬಗ್ಗಿತೋ, ಅವಳು ಬಗ್ಗಿಸಿದಳೋ, ಇವಳು ಬಗ್ಗಿಸಿದಳೋ, ನೀರು ಬಿತ್ತು, ಕಲ್ಲುಗಳ ಕೆಳಗಿಂದ ಆ ಎಲೆ ಮೇಲಕ್ಕೆ ಬಂತು, ತಿರುಗಿತು, ದಡಕ್ಕೆ ತಾಗಿತು, ಮತ್ತೆ ನಡುವಿಗೆ ಬಂತು, ಅಂಗೈಯಗಲ ಆಕಾಶ, ಎಲೆ, ನೀರು ನಿಂತಿತ್ತು, ಇಂಗಲಿಲ್ಲ, ನಿಂತಿತ್ತು, ಇಂಗಲಿಲ್ಲ